ಮೂತ್ರ ಹೋಗ್ತಾ ಇದೆಯಾ? ಫೋನಿನಲ್ಲಿ ನಾವು ಕೇಳದೇ ಬಿಡುವ ಪ್ರಶ್ನೆ

ವಾಂತಿ-ಭೇದಿ, ಜ್ವರ, ಮೈಕೈ ನೋವು. ಮನೆಯಲ್ಲೇ ಸುಧಾರಿಸಿಕೊಳ್ಳುವ ಇಂಥ ಸಣ್ಣಪುಟ್ಟ ಕಾಯಿಲೆಗಳ ನಡುವೆಯೇ ಕಿಡ್ನಿ ಹಠಾತ್ತಾಗಿ ಕೈಕೊಡಬಹುದು. ಸಮಯಕ್ಕೆ ಗೊತ್ತಾದರೆ ಬಹುತೇಕ ಸರಿಹೋಗುವ ತೊಂದರೆ ಇದು. ಗೊತ್ತಾಗುವುದೇ ತಡ.

ಊರಿಂದ ಅಮ್ಮನ ಫೋನ್. "ಅಪ್ಪಂಗೆ ನಿನ್ನೆಯಿಂದ ಹೊಟ್ಟೆ ಸರಿ ಇಲ್ಲ. ಏಳೆಂಟು ಸಲ ಹೋಯ್ತು, ವಾಂತಿನೂ ಆಯ್ತು. ಮೆಡಿಕಲ್ ಶಾಪಿಂದ ಮಾತ್ರೆ ತಂದು ಕೊಟ್ಟಿದೀನಿ. ಈಗ ಸುಸ್ತು ಅಂತ ಮಲಗಿದಾರೆ. ನೀನೇನು ಗಾಬರಿ ಆಗ್ಬೇಡ."

ಬೆಂಗಳೂರಿನಲ್ಲೋ ಪುಣೆಯಲ್ಲೋ ಎರಡು ಮೀಟಿಂಗುಗಳ ನಡುವೆ ಫೋನ್ ಎತ್ತಿದ ಮಗನೋ ಮಗಳೋ ಕೇಳುವುದು ಏನು? ಊಟ ಮಾಡಿದ್ರಾ? ಜ್ವರ ಇದೆಯಾ? ಬಿಪಿ ಮಾತ್ರೆ ತಪ್ಪಿಸಿಲ್ಲ ತಾನೆ? ದುಡ್ಡು ಹಾಕ್ಲಾ? ಅಲ್ಲಿಗೆ ಮಾತು ಮುಗಿಯುತ್ತದೆ.

ಒಂದು ಪ್ರಶ್ನೆ ಮಾತ್ರ ಯಾರೂ ಕೇಳುವುದಿಲ್ಲ: "ಬೆಳಗ್ಗೆಯಿಂದ ಎಷ್ಟು ಸಲ ಮೂತ್ರಕ್ಕೆ ಹೋಗಿದಾರೆ?" ಅಪ್ಪ-ಅಮ್ಮನ ಹತ್ತಿರ ಇದನ್ನು ಕೇಳುವುದಕ್ಕೆ ಮುಜುಗರ. ಅವರಿಗೂ ಹೇಳುವುದಕ್ಕೆ ಸಂಕೋಚ. ಆದರೆ ಆ ಹೊತ್ತಿನಲ್ಲಿ ಕೇಳಬೇಕಾದ ಪ್ರಶ್ನೆಗಳಲ್ಲಿ ಇದಕ್ಕಿಂತ ಮುಖ್ಯವಾದದ್ದು ಹೆಚ್ಚಿಲ್ಲ. ಯಾಕೆಂದರೆ ಕಿಡ್ನಿ ನೋವಿನ ಮೂಲಕ ಮಾತಾಡುವುದು ಕಡಿಮೆ. ಅದಕ್ಕೆ ತೊಂದರೆಯಾಗಿದೆ ಎಂದು ಮೊದಲು ಹೇಳುವುದು ಹೆಚ್ಚಾಗಿ ಕಡಿಮೆಯಾದ ಮೂತ್ರ.

ಇದು ಯಾವ ಕಾಯಿಲೆ?

ವೈದ್ಯರು ಇದನ್ನು ಅಕ್ಯೂಟ್ ಕಿಡ್ನಿ ಇಂಜುರಿ, ಚಿಕ್ಕದಾಗಿ ಎಕೆಐ ಎನ್ನುತ್ತಾರೆ. ಕನ್ನಡದಲ್ಲಿ ಮೂತ್ರಪಿಂಡದ ಹಠಾತ್ ಹಾನಿ ಎನ್ನಬಹುದು. ಕೆಲವೇ ಗಂಟೆಗಳಲ್ಲಿ ಅಥವಾ ಕೆಲವೇ ದಿನಗಳಲ್ಲಿ ಕಿಡ್ನಿಯ ಕೆಲಸ ಕುಸಿಯುವ ಸ್ಥಿತಿ. ಸಕ್ಕರೆ ಕಾಯಿಲೆಯಿಂದ, ಬಿಪಿಯಿಂದ ವರ್ಷಾನುಗಟ್ಟಲೆ ಸವೆಯುತ್ತಾ ಬರುವ ದೀರ್ಘಕಾಲದ ಕಿಡ್ನಿ ಕಾಯಿಲೆಯೇ ಬೇರೆ, ಇದೇ ಬೇರೆ. ಅಲ್ಲಿ ಹೋದದ್ದು ಹೆಚ್ಚಾಗಿ ವಾಪಸ್ ಬರುವುದಿಲ್ಲ. ಇಲ್ಲಿ ಬೇಗ ಕಂಡುಹಿಡಿದು ಕಾರಣ ಸರಿಪಡಿಸಿದರೆ ಕಿಡ್ನಿ ಮತ್ತೆ ಚೇತರಿಸಿಕೊಳ್ಳುವ ಸಾಧ್ಯತೆ ಚೆನ್ನಾಗಿದೆ. ತಡವಾದರೆ ಡಯಾಲಿಸಿಸ್, ಐಸಿಯು, ಕೆಲವೊಮ್ಮೆ ಸಾವು. ಬದುಕಿ ಬಂದವರಲ್ಲೂ ಕೆಲವರಿಗೆ ಮುಂದೆ ದೀರ್ಘಕಾಲದ ಕಿಡ್ನಿ ಕಾಯಿಲೆ ಅಂಟಿಕೊಳ್ಳುತ್ತದೆ.

ಟ್ಯಾಂಕಿನಲ್ಲಿ ನೀರಿಲ್ಲದಿದ್ದರೆ ಫಿಲ್ಟರ್ ಏನು ಮಾಡೀತು?

ಎರಡು ಕಿಡ್ನಿಗಳೂ ಸೇರಿ ತೂಗುವುದು ಸುಮಾರು 300 ಗ್ರಾಂ. ಆದರೆ ಹೃದಯ ಪಂಪ್ ಮಾಡುವ ರಕ್ತದಲ್ಲಿ ಸುಮಾರು ಐದನೇ ಒಂದು ಭಾಗ ಇವಕ್ಕೇ ಹೋಗುತ್ತದೆ. ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಇವು ಸೋಸುತ್ತವೆ. ಅದರಲ್ಲಿ ಬಹುಪಾಲನ್ನು ಮತ್ತೆ ದೇಹಕ್ಕೆ ಮರಳಿಸಿ, ಒಂದೂವರೆ ಲೀಟರಿನಷ್ಟನ್ನು ಮೂತ್ರವಾಗಿ ಹೊರಹಾಕುತ್ತವೆ.

ಈ ಸೋಸುವ ಕೆಲಸ ಒತ್ತಡದ ಮೇಲೆ ನಡೆಯುತ್ತದೆ. ಮನೆಯ ಮೇಲಿನ ಟ್ಯಾಂಕಿನಲ್ಲಿ ನೀರೇ ಇಲ್ಲದಿದ್ದರೆ ಅಡುಗೆಮನೆಯ ಫಿಲ್ಟರ್ ಎಷ್ಟು ಒಳ್ಳೆಯದಿದ್ದರೇನು? ಹಾಗೆಯೇ ಭೇದಿ, ವಾಂತಿ, ವಿಪರೀತ ಬೆವರು, ರಕ್ತಸ್ರಾವ, ತೀವ್ರ ಸೋಂಕು ಇವುಗಳಿಂದ ಕಿಡ್ನಿಗೆ ಬರುವ ರಕ್ತ ಕಡಿಮೆಯಾದರೆ ಸೋಸುವುದು ನಿಧಾನವಾಗುತ್ತದೆ. ಈ ಹಂತದಲ್ಲಿ ಕಿಡ್ನಿ ಇನ್ನೂ ಚೆನ್ನಾಗೇ ಇರುತ್ತದೆ. ನೀರು, ಉಪ್ಪು ಸಿಕ್ಕರೆ ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ಹಾಗೇ ಬಿಟ್ಟರೆ ಒಳಗಿನ ಜೀವಕೋಶಗಳೇ ಸಾಯತೊಡಗುತ್ತವೆ. ಆಮೇಲೆ ಬರೀ ನೀರು ಕೊಟ್ಟರೆ ಸಾಲದು.

ಇನ್ನೆರಡು ದಾರಿಗಳಿವೆ. ಒಂದು, ಕಿಡ್ನಿಗೇ ನೇರವಾಗಿ ಏಟು ಬೀಳುವುದು: ವಿಷ, ಕೆಲವು ಔಷಧ, ಕೆಲವು ಸೋಂಕು. ಇನ್ನೊಂದು, ಕಿಡ್ನಿಯಿಂದಾಚೆಗೆ ದಾರಿ ಕಟ್ಟಿಕೊಳ್ಳುವುದು: ಕಲ್ಲು, ವಯಸ್ಸಾದ ಗಂಡಸರಲ್ಲಿ ಊದಿಕೊಂಡ ಪ್ರಾಸ್ಟೇಟ್ ಗ್ರಂಥಿ. ತಾತನಿಗೆ ಮೂತ್ರ ಬರುತ್ತಿಲ್ಲ, ಕಿಬ್ಬೊಟ್ಟೆ ಉಬ್ಬಿದೆ ಅಂದರೆ ನೀರು ಕುಡಿಸುತ್ತಾ ಕೂರುವ ಹೊತ್ತಲ್ಲ ಅದು. ಆಸ್ಪತ್ರೆಯಲ್ಲಿ ಟ್ಯೂಬ್ ಹಾಕಿ ಮೂತ್ರ ಹೊರತೆಗೆಯಬೇಕಾಗುತ್ತದೆ.

ಶುರುವಾಗುವುದು ಐಸಿಯುನಲ್ಲಲ್ಲ, ಮನೆಯಲ್ಲಿ

ಕಿಡ್ನಿ ಫೇಲ್ಯೂರ್ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ದೊಡ್ಡಾಸ್ಪತ್ರೆ, ಮಷೀನು. ಅಂತಾರಾಷ್ಟ್ರೀಯ ನೆಫ್ರಾಲಜಿ ಸೊಸೈಟಿ 2014ರಲ್ಲಿ 72 ದೇಶಗಳಿಂದ ಎಕೆಐ ರೋಗಿಗಳ ಮಾಹಿತಿ ಕಲೆಹಾಕಿತು. ಬಡ ಮತ್ತು ಕೆಳ-ಮಧ್ಯಮ ಆದಾಯದ ದೇಶಗಳಲ್ಲಿ ಹೆಚ್ಚಿನವರಿಗೆ ತೊಂದರೆ ಶುರುವಾಗಿದ್ದು ಆಸ್ಪತ್ರೆಗೆ ಬರುವ ಮೊದಲೇ. ಅಲ್ಲಿ ಎಲ್ಲಕ್ಕಿಂತ ಸಾಮಾನ್ಯ ಕಾರಣ ನಿರ್ಜಲೀಕರಣ, ಅಂದರೆ ದೇಹದ ನೀರು ಆರಿಹೋಗುವುದು.

ನಮ್ಮ ರಾಜ್ಯವನ್ನೇ ನೋಡಿ. ಮಳೆಗಾಲ ಬಂತೆಂದರೆ ವಾಂತಿ-ಭೇದಿ, ಡೆಂಗಿ. ಕರಾವಳಿಯಲ್ಲಿ ಇಲಿ ಜ್ವರ, ಮಲೇರಿಯಾ. ಇಲಿ ಜ್ವರಕ್ಕೂ ಕಿಡ್ನಿಗೂ ಹತ್ತಿರದ ನಂಟು. ಗದ್ದೆ-ತೋಟದಲ್ಲಿ ಕೊಳಕುಮಂಡಲ ಕಚ್ಚಿದರೆ ಅದರ ವಿಷ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನು ಕೆಡಿಸುವುದರ ಜೊತೆಗೆ ಕಿಡ್ನಿಯನ್ನೂ ಕೆಡಿಸುತ್ತದೆ. ಹೆಜ್ಜೇನು ಹಿಂಡಾಗಿ ಕಡಿದರೂ ಅಷ್ಟೇ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಎಂದು ಘೋಷಿಸಿದೆ. ಬೇಸಿಗೆಯಲ್ಲಿ ರಾಯಚೂರು, ಕಲಬುರಗಿ ಕಡೆಯ ಬಿಸಿಲಲ್ಲಿ ದಿನವಿಡೀ ದುಡಿಯುವವರ ಕಥೆ ಇನ್ನೊಂದು.

ಇವರೆಲ್ಲ ಮೊದಲು ಹೋಗುವುದು ಎಲ್ಲಿಗೆ? ಮೆಡಿಕಲ್ ಶಾಪಿಗೆ, ಬೀದಿ ಕೊನೆಯ ಕ್ಲಿನಿಕ್ಕಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ಹಾಗಾಗಿ ಕಿಡ್ನಿ ಉಳಿಯುತ್ತದೋ ಇಲ್ಲವೋ ಎಂಬುದು ಬಹಳಷ್ಟು ಸಲ ನೆಫ್ರಾಲಜಿಸ್ಟ್ ಮುಖ ನೋಡುವ ಮೊದಲೇ ತೀರ್ಮಾನವಾಗಿರುತ್ತದೆ.

ಮಾತ್ರೆ ಡಬ್ಬದಲ್ಲೊಂದು ಸಣ್ಣ ಎಡವಟ್ಟು

"ಬಿಪಿ ಮಾತ್ರೆ ತಪ್ಪಿಸಿಲ್ಲ ತಾನೆ?" ಎಂಬ ಪ್ರಶ್ನೆಗೆ ಈಗ ಬರೋಣ. ಉಳಿದ ದಿನಗಳಲ್ಲಿ ಇದು ಸರಿಯಾದ ಪ್ರಶ್ನೆ. ವಾಂತಿ-ಭೇದಿಯ ದಿನಗಳಲ್ಲಿ ಮಾತ್ರ ಇದನ್ನು ಸ್ವಲ್ಪ ಬದಲಿಸಿ ಡಾಕ್ಟರನ್ನೇ ಕೇಳಬೇಕು.

ಕಿಡ್ನಿಯ ಪ್ರತಿಯೊಂದು ಸೋಸುವ ಗೊಂಚಲಿಗೂ ರಕ್ತ ಬರುವ ಬಾಗಿಲು ಒಂದು, ಹೋಗುವ ಬಾಗಿಲು ಒಂದು. ದೇಹದಲ್ಲಿ ನೀರು ಕಡಿಮೆಯಾದಾಗ ಕಿಡ್ನಿ ಜಾಣತನ ಮಾಡುತ್ತದೆ. ಬರುವ ಬಾಗಿಲನ್ನು ಅಗಲವಾಗಿಟ್ಟುಕೊಂಡು, ಹೋಗುವ ಬಾಗಿಲನ್ನು ಸ್ವಲ್ಪ ಮುಚ್ಚಿ, ಒಳಗಿನ ಒತ್ತಡ ಬೀಳದ ಹಾಗೆ ನೋಡಿಕೊಳ್ಳುತ್ತದೆ.

ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್, ಎನಾಲಾಪ್ರಿಲ್ ಥರದ ಬಿಪಿ ಮಾತ್ರೆಗಳು ಹೋಗುವ ಬಾಗಿಲನ್ನು ತೆರೆದಿಡುತ್ತವೆ. ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ಬರುವ ಬಾಗಿಲನ್ನು ಕಿರಿದು ಮಾಡುತ್ತವೆ. ಮೂತ್ರ ಹೆಚ್ಚಿಸುವ ಮಾತ್ರೆಗಳು (ಹೈಡ್ರೋಕ್ಲೋರೋಥಿಯಾಜೈಡ್, ಕ್ಲೋರ್ಥಾಲಿಡೋನ್, ಫ್ಯೂರೋಸೆಮೈಡ್) ಇರುವ ನೀರನ್ನೂ ಹೊರಗೆ ಕಳಿಸುತ್ತವೆ. ಮೂರೂ ಒಟ್ಟಿಗೆ ಸೇರಿದರೆ ಕಿಡ್ನಿಗೆ ತಪ್ಪಿಸಿಕೊಳ್ಳಲು ದಾರಿಯೇ ಉಳಿಯುವುದಿಲ್ಲ. ಅನೇಕ ಬಿಪಿ ಮಾತ್ರೆಗಳಲ್ಲಿ ಮೊದಲಿನದೂ ಮೂರನೆಯದೂ ಒಂದೇ ಗುಳಿಗೆಯಲ್ಲಿ ಇರುತ್ತವೆ. ಅದರ ಮೇಲೆ ಮೈಕೈ ನೋವಿಗೆ ಅಂತ ಒಂದು ನೋವಿನ ಮಾತ್ರೆ ಬಿದ್ದರೆ ಜೋಡಣೆ ಪೂರ್ತಿ.

ಸಕ್ಕರೆ ಕಾಯಿಲೆಯ ಮಾತ್ರೆಗಳಲ್ಲೂ ಎರಡರ ಬಗ್ಗೆ ಗಮನ ಬೇಕು. ಮೆಟ್‌ಫಾರ್ಮಿನ್ ತಾನಾಗಿ ಕಿಡ್ನಿಗೆ ಹಾನಿ ಮಾಡುವುದಿಲ್ಲ. ಆದರೆ ಕಿಡ್ನಿ ಸೋತಾಗ ಅದು ದೇಹದಲ್ಲೇ ಉಳಿದು ರಕ್ತದಲ್ಲಿ ಆಮ್ಲ ಹೆಚ್ಚಿಸಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಮೂತ್ರದಲ್ಲಿ ಸಕ್ಕರೆಯ ಜೊತೆ ನೀರನ್ನೂ ಕಳಿಸುತ್ತವೆ. ಊಟ ಸೇರದ ದಿನಗಳಲ್ಲಿ ಇವುಗಳಿಂದಲೂ ಆಮ್ಲದ ತೊಂದರೆ ಬರಬಹುದು.

ಹಾಗಂತ ಇವು ಕೆಟ್ಟ ಮಾತ್ರೆಗಳಲ್ಲ. ಆರೋಗ್ಯ ಚೆನ್ನಾಗಿರುವ ದಿನಗಳಲ್ಲಿ ಹೃದಯವನ್ನೂ ಕಿಡ್ನಿಯನ್ನೂ ಕಾಯುವವು ಇವೇ. ಸ್ಕಾಟ್ಲೆಂಡಿನ ಹೈಲ್ಯಾಂಡ್ ಪ್ರದೇಶದ ಸರ್ಕಾರಿ ಆರೋಗ್ಯ ಸೇವೆ 2013ರಲ್ಲಿ ಇಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಜೇಬಿನಲ್ಲಿಡುವ ಒಂದು ಚಿಕ್ಕ ಕಾರ್ಡ್ ಹಂಚಿತು. ವಾಂತಿ, ಭೇದಿ, ಜ್ವರ ಬಂದಾಗ ಯಾವ ಮಾತ್ರೆಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕು, 24ರಿಂದ 48 ಗಂಟೆ ಸರಿಯಾಗಿ ಉಂಡು ಕುಡಿದ ಮೇಲೆ ಮತ್ತೆ ಶುರು ಮಾಡಬೇಕು ಎಂದು ಅದರಲ್ಲಿತ್ತು. ಈ ಪದ್ಧತಿಗೆ ತಕರಾರೂ ಇದೆ. ಜನ ಸಣ್ಣ ನೆಗಡಿಗೂ ಮಾತ್ರೆ ನಿಲ್ಲಿಸಿಬಿಡಬಹುದು, ಅಥವಾ ನಿಲ್ಲಿಸಿದ್ದನ್ನು ಮತ್ತೆ ಶುರು ಮಾಡುವುದನ್ನೇ ಮರೆಯಬಹುದು ಎಂಬುದು ತಜ್ಞರ ಆತಂಕ.

ನಮಗೆ ಹೊಂದುವ ದಾರಿ ಇದು: ಮುಂದಿನ ಸಲ ಬಿಪಿ ಚೆಕಪ್‌ಗೆ ಹೋದಾಗ ಡಾಕ್ಟರನ್ನು ಕೇಳಿ, "ವಾಂತಿ-ಭೇದಿ ಆದ ದಿನ ಇದರಲ್ಲಿ ಯಾವುದನ್ನು ನಿಲ್ಲಿಸಬೇಕು ಸಾರ್? ಮತ್ತೆ ಯಾವಾಗ ಶುರು ಮಾಡಬೇಕು?" ಅವರು ಹೇಳಿದ್ದನ್ನು ಚೀಟಿಯ ಹಿಂದೆಯೇ ಬರೆಸಿಕೊಳ್ಳಿ. ನೀವಾಗಿ ನಿಲ್ಲಿಸಬೇಡಿ. ಇನ್ಸುಲಿನ್ ಮತ್ತು ಸ್ಟಿರಾಯ್ಡ್ ಮಾತ್ರೆಗಳನ್ನಂತೂ ಕೇಳದೆ ನಿಲ್ಲಿಸಲೇಬಾರದು.

ಮೆಡಿಕಲ್ ಶಾಪಿನಲ್ಲಿ ಕತ್ತರಿಸಿ ಕವರಿಗೆ ಹಾಕಿಕೊಡುವ ನಾಲ್ಕು ಮಾತ್ರೆಗಳ ಮೇಲೆ ಹೆಸರೇ ಇರುವುದಿಲ್ಲ. ಅದರಲ್ಲಿ ನೋವಿನ ಮಾತ್ರೆ ಇದೆಯಾ ಎಂದು ಕೇಳಿ, ಸ್ಟ್ರಿಪ್ಪಿನ ಫೋಟೊ ತೆಗೆದುಕೊಳ್ಳಿ. ಜ್ವರಕ್ಕೆ ಸರಿಯಾದ ಪ್ರಮಾಣದ ಪ್ಯಾರಾಸಿಟಮಾಲ್ ಕಿಡ್ನಿಯ ಮಟ್ಟಿಗೆ ಇವುಗಳಿಗಿಂತ ಸುರಕ್ಷಿತ.

ಗಿಡದಿಂದ ಬಂದದ್ದೆಲ್ಲ ನಿರಪಾಯ ಎಂಬ ನಂಬಿಕೆಯೂ ಬೇಡ. ಕರಾವಳಿಯಲ್ಲಿ ಸಾರಿಗೆ, ಉಪ್ಪಿನಕಾಯಿಗೆ ಹಾಕುವ ಬಿಂಬುಳಿ ಗೊತ್ತಲ್ಲ? ಕೊಲೆಸ್ಟ್ರಾಲ್ ಇಳಿಯಲಿ ಎಂದು ಅದರ ಗಟ್ಟಿ ರಸವನ್ನು ಲೋಟಗಟ್ಟಲೆ ಕುಡಿದವರ ಕಿಡ್ನಿ ಹಠಾತ್ತಾಗಿ ಸೋತ ಪ್ರಕರಣಗಳು ಕೇರಳದಿಂದ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಅದರಲ್ಲಿರುವ ಆಕ್ಸಲೇಟ್ ಹರಳುಗಟ್ಟಿ ಕಿಡ್ನಿಯ ನಾಳಗಳಲ್ಲಿ ಕೂರುತ್ತದೆ. ಸಾರಿಗೆ ಹಾಕಿದ ಎರಡು ಹೋಳಿಗೂ ಖಾಲಿ ಹೊಟ್ಟೆಗೆ ಕುಡಿದ ಒಂದು ಲೋಟಕ್ಕೂ ಬಹಳ ವ್ಯತ್ಯಾಸವಿದೆ.

ವಯಸ್ಸು 28, ನನಗೇನು ಅನ್ನುವವರಿಗೆ

ಜಿಮ್ಮಿಗೆ ಸೇರಿದ ಮೊದಲ ವಾರವೇ ಮೈ ಮುರಿಯುವಷ್ಟು ವರ್ಕ್‌ಔಟ್, ಅಥವಾ ಅಭ್ಯಾಸವಿಲ್ಲದೆ ಓಡಿದ ಮ್ಯಾರಥಾನ್. ಸ್ನಾಯುಗಳು ಅತಿಯಾಗಿ ಜಖಂಗೊಂಡರೆ ಅವುಗಳಿಂದ ಹೊರಬರುವ ಮಯೋಗ್ಲೋಬಿನ್ ಎಂಬ ಪ್ರೋಟೀನ್ ಕಿಡ್ನಿಯ ನಾಳಗಳನ್ನು ಕೆಡಿಸಬಹುದು. ತಡೆಯಲಾಗದ ಮೈನೋವಿನ ಜೊತೆ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಅಂದೇ ಆಸ್ಪತ್ರೆಗೆ ಹೋಗಿ. "ನೋವು ತಡೆಯೋಕಾಗ್ತಿಲ್ಲ" ಅಂತ ಆ ಹೊತ್ತಿನಲ್ಲಿ ಐಬುಪ್ರೊಫೆನ್ ನುಂಗುವುದು ಗಾಯದ ಮೇಲೆ ಬರೆ.

ರಿಪೋರ್ಟ್ ನಾರ್ಮಲ್ ಇದೆ. ನಿಜವಾಗಲೂ?

ಕಿಡ್ನಿ ಹೇಗಿದೆ ಎಂದು ನೋಡಲು ಮೊದಲ ಪರೀಕ್ಷೆ ಸೀರಮ್ ಕ್ರಿಯಾಟಿನಿನ್. ಸ್ನಾಯುಗಳಿಂದ ಬರುವ ಈ ತ್ಯಾಜ್ಯವನ್ನು ಕಿಡ್ನಿ ಹೊರಹಾಕಬೇಕು. ಕಿಡ್ನಿ ಸೋತರೆ ರಕ್ತದಲ್ಲಿ ಅದು ಏರುತ್ತದೆ. ಅಗ್ಗದ, ಎಲ್ಲ ಕಡೆ ಸಿಗುವ ರಕ್ತಪರೀಕ್ಷೆ.

ಇಲ್ಲೊಂದು ಮೋಸ ಹೋಗುವ ಜಾಗವಿದೆ. ಲ್ಯಾಬ್ ರಿಪೋರ್ಟಿನಲ್ಲಿ ನಾರ್ಮಲ್ ಎಂದು ಸುಮಾರು 0.6ರಿಂದ 1.2 ಅಂತಲೋ 1.3 ಅಂತಲೋ ಅಚ್ಚಾಗಿರುತ್ತದೆ. ನಿಮ್ಮ ಅಮ್ಮನದು ಹೋದ ತಿಂಗಳು 0.7 ಇತ್ತು, ಈಗ ಭೇದಿಯಾದ ಮೂರನೇ ದಿನ 1.2 ಅಂತಿಟ್ಟುಕೊಳ್ಳಿ. ರಿಪೋರ್ಟಿನಲ್ಲಿ ಕೆಂಪು ಗುರುತು ಇರುವುದಿಲ್ಲ. ಆದರೆ 2012ರ ಅಂತಾರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಏಳು ದಿನಗಳೊಳಗೆ ಕ್ರಿಯಾಟಿನಿನ್ ಮೊದಲಿದ್ದದ್ದರ ಒಂದೂವರೆ ಪಟ್ಟು ಆದರೆ, ಅಥವಾ 48 ಗಂಟೆಯಲ್ಲಿ 0.3ರಷ್ಟು ಏರಿದರೆ, ಅದು ಎಕೆಐ. 0.7ರ ಒಂದೂವರೆ ಪಟ್ಟು ಅಂದರೆ 1.05. ಅಮ್ಮ ಆ ಗೆರೆ ದಾಟಿಯಾಯಿತು!

ಹಳೆಯ ಸಂಖ್ಯೆ ಗೊತ್ತಿಲ್ಲದಿದ್ದರೆ ಎಷ್ಟು ಒಳ್ಳೆಯ ಡಾಕ್ಟರಿಗೂ ಇದು ಕಾಣುವುದು ಕಷ್ಟ. ಬ್ರಿಟನ್ನಿನಲ್ಲಿ 2009ರಲ್ಲಿ ಬಂದ ಒಂದು ವರದಿ ಎಕೆಐ ಇದ್ದು ತೀರಿಕೊಂಡವರ ಚಿಕಿತ್ಸೆಯನ್ನು ಪರಿಶೀಲಿಸಿತು. ಒಳ್ಳೆಯ ಆರೈಕೆ ಸಿಕ್ಕಿದ್ದು ಅವರಲ್ಲಿ ಅರ್ಧದಷ್ಟು ಜನರಿಗೆ ಮಾತ್ರ ಎಂದು ಅದು ಹೇಳಿತು. ಆಮೇಲೆ, 2014ರಲ್ಲಿ, ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ವ್ಯವಸ್ಥೆ ಲ್ಯಾಬ್‌ಗಳ ಕಂಪ್ಯೂಟರಿಗೇ ಈ ಕೆಲಸ ವಹಿಸಿತು. ಹೊಸ ಕ್ರಿಯಾಟಿನಿನ್ ಬಂದ ಕೂಡಲೇ ಅದು ಹಳೆಯದರ ಜೊತೆ ಹೋಲಿಸಿ, ಏರಿದ್ದರೆ ಡಾಕ್ಟರಿಗೆ ಎಚ್ಚರಿಕೆ ಕಳಿಸುತ್ತದೆ.

ನಮ್ಮಲ್ಲಿ ಇವತ್ತು ಒಂದು ಲ್ಯಾಬು, ನಾಳೆ ಇನ್ನೊಂದು. ಆ ಕಂಪ್ಯೂಟರಿನ ಕೆಲಸವನ್ನು ನಿಮ್ಮ ಮೊಬೈಲೇ ಮಾಡಬೇಕು. ಅಪ್ಪ-ಅಮ್ಮನ ಹಳೆಯ ಕ್ರಿಯಾಟಿನಿನ್ ರಿಪೋರ್ಟಿನ ಫೋಟೊ, ದಿನಾಂಕದ ಸಮೇತ, ಒಂದು ಆಲ್ಬಮ್ಮಿನಲ್ಲಿ ಇಟ್ಟುಕೊಳ್ಳಿ. ಮಾತ್ರೆಗಳ ಫೋಟೊನೂ ಅದರಲ್ಲೇ ಇರಲಿ.

ಇನ್ನೊಂದು ಮಾತು: ಕಿಡ್ನಿಗೆ ಏಟು ಬಿದ್ದ ಗಳಿಗೆಗೇ ಕ್ರಿಯಾಟಿನಿನ್ ಏರುವುದಿಲ್ಲ, ಒಂದೆರಡು ದಿನ ಹಿಂದೆ ಬೀಳುತ್ತದೆ. ಮೊದಲ ದಿನ ಸರಿಯಿದ್ದರೂ ರೋಗಿ ಸುಧಾರಿಸದಿದ್ದರೆ ಮತ್ತೆ ಮಾಡಿಸಬೇಕು. ಅದಕ್ಕೇ ಮೂತ್ರದ ಲೆಕ್ಕ ಮುಖ್ಯ. ಗಂಟೆಗೆ, ದೇಹತೂಕದ ಪ್ರತಿ ಕಿಲೋಗೆ ಅರ್ಧ ಮಿಲಿಲೀಟರಿಗಿಂತ ಕಡಿಮೆ ಮೂತ್ರ ಆರು ಗಂಟೆ ಮುಂದುವರಿದರೆ ಅದೂ ಎಕೆಐ ಲಕ್ಷಣವೇ. 60 ಕಿಲೋ ತೂಕದವರಿಗೆ ಆರು ಗಂಟೆಗೆ 180 ಮಿಲಿಲೀಟರ್, ಅಂದರೆ ಒಂದು ಲೋಟ. ಮನೆಯಲ್ಲಿ ಅಳೆಯುತ್ತಾ ಕೂರಬೇಕಿಲ್ಲ. ಹಗಲಿಡೀ ಒಂದೇ ಸಲ, ಅದೂ ಸ್ವಲ್ಪ, ಕಡು ಹಳದಿ ಅಂದರೆ ಕಿವಿ ನೆಟ್ಟಗಾಗಲಿ. ಮೂತ್ರ ಚೆನ್ನಾಗಿ ಹೋಗುತ್ತಿದ್ದೂ ಕಿಡ್ನಿ ಸೋತಿರುವ ರೋಗಿಗಳೂ ಇದ್ದಾರೆ. ಹಾಗಾಗಿ ಅಪಾಯವಿರುವವರಿಗೆ ರಕ್ತಪರೀಕ್ಷೆ ಬಿಡಬಾರದು.

ಸಣ್ಣ ಕ್ಲಿನಿಕ್ಕಿನಲ್ಲೂ ಆಗುತ್ತದೆ

ಅಂತಾರಾಷ್ಟ್ರೀಯ ನೆಫ್ರಾಲಜಿ ಸೊಸೈಟಿ 2013ರಲ್ಲಿ ಒಂದು ಗುರಿ ಹಾಕಿಕೊಂಡಿತು: ತಡೆಯಬಹುದಾದ ಎಕೆಐಯಿಂದ 2025ರ ಹೊತ್ತಿಗೆ ಯಾರೂ ಸಾಯಬಾರದು. ಆ ಗುರಿ ಮುಟ್ಟಲಾಗಿಲ್ಲ. ಆದರೆ ಅದರ ಅಂಗವಾಗಿ ನೇಪಾಳದ ಧರಾನ್, ಬೊಲಿವಿಯಾದ ಕೊಚಬಾಂಬ, ಮಲಾವಿಯ ಬ್ಲಾಂಟೈರ್ ಸುತ್ತಮುತ್ತ ಒಂದು ಪ್ರಯೋಗ ನಡೆಯಿತು. ಆರೋಗ್ಯ ಕೇಂದ್ರದ ಸಿಬ್ಬಂದಿ ಮೊದಲು ಲಕ್ಷಣಗಳನ್ನು ಕೇಳಿ ಯಾರಿಗೆ ಅಪಾಯ ಹೆಚ್ಚು ಎಂದು ಅಂಕ ಹಾಕಿದರು. ಅಂಥವರ ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಅಲ್ಲೇ ಕ್ರಿಯಾಟಿನಿನ್ ನೋಡಿದರು. ಮೂತ್ರಕ್ಕೆ ಪಟ್ಟಿ ಅದ್ದಿ ಪರೀಕ್ಷಿಸಿದರು. ಬೇಕಾದಾಗ ದೂರದ ತಜ್ಞರ ಸಲಹೆ ಪಡೆದರು. ದೊಡ್ಡ ಮಷೀನಿಲ್ಲದ ಜಾಗದಲ್ಲೂ ಎಕೆಐ ಗುರುತಿಸಿ ಚಿಕಿತ್ಸೆ ಶುರು ಮಾಡಬಹುದು ಎಂದು ಅದು ತೋರಿಸಿತು.

ನಮ್ಮ ಹೋಬಳಿಯ ಆರೋಗ್ಯ ಕೇಂದ್ರಕ್ಕೂ ಇದು ದೂರದ ಮಾತಲ್ಲ. ಕೇಳುವ ಅಭ್ಯಾಸ ಮೊದಲು ಬರಬೇಕು. "ಸಾರ್, ಮೂತ್ರ ಕಡಿಮೆ ಆಗಿದೆ, ಬಿಪಿ ಮಾತ್ರೆ ತಗೋತಾರೆ, ಕ್ರಿಯಾಟಿನಿನ್ ನೋಡೋದು ಬೇಡ್ವಾ?" ಎಂದು ಮನೆಯವರು ಹೇಳಿದರೆ, ಸಾಲಿನಲ್ಲಿ ನೂರು ರೋಗಿಗಳಿರುವ ಡಾಕ್ಟರಿಗೂ ಅದು ಸಹಾಯವೇ.

ಓಆರ್‌ಎಸ್: ಬಡವರ ಡ್ರಿಪ್

1971. ಬಾಂಗ್ಲಾ ವಿಮೋಚನಾ ಯುದ್ಧದ ನಿರಾಶ್ರಿತರಿಂದ ಪಶ್ಚಿಮ ಬಂಗಾಳದ ಬನಗಾಂವ್ ತುಂಬಿಹೋಗಿತ್ತು. ಕಾಲರಾ ಹರಡಿತ್ತು. ಡ್ರಿಪ್ ಬಾಟಲಿಗಳು ಮುಗಿದುಹೋಗುತ್ತಿದ್ದವು. ಆಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಸಕ್ಕರೆ (ಗ್ಲೂಕೋಸ್), ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಶೇ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ 4ಕ್ಕಿಂತ ಕೆಳಗಿಳಿಯಿತು. 2022ರಲ್ಲಿ ತೀರಿಕೊಂಡ ಅವರಿಗೆ ಮರುವರ್ಷ ಮರಣೋತ್ತರವಾಗಿ ಪದ್ಮವಿಭೂಷಣ ಬಂತು.

ಭೇದಿಯಲ್ಲಿ ಕಿಡ್ನಿ ಉಳಿಸುವುದೂ ಇದೇ ನೀರು. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಶುದ್ಧ ನೀರಿಗೆ ಒಟ್ಟಿಗೆ ಹಾಕಿ. ಅರ್ಧ ಪೊಟ್ಟಣ ಒಂದು ಲೋಟಕ್ಕೆ ಎಂಬ ಅಂದಾಜು ಬೇಡ. ಚಿಕ್ಕ ಪೊಟ್ಟಣವಾದರೆ ಅದರ ಮೇಲೆ ಬರೆದಷ್ಟೇ ನೀರು. 24 ಗಂಟೆಯ ನಂತರ ಉಳಿದದ್ದನ್ನು ಚೆಲ್ಲಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ವಾಂತಿಯಿದ್ದರೆ ಗುಟುಕು ಗುಟುಕಾಗಿ. ಉಪ್ಪು ಹಾಕಿದ ಗಂಜಿ, ನೀರು ಮಜ್ಜಿಗೆ ಜೊತೆಗಿರಲಿ.

ಓಆರ್‌ಎಸ್ ಎಂದು ಹೆಸರಿಟ್ಟುಕೊಂಡು ಅಂಗಡಿಯಲ್ಲಿ ಮಾರಾಟವಾಗುತ್ತಿದ್ದ ಸಿಹಿ ಪೇಯಗಳ ಬಗ್ಗೆ ಎಚ್ಚರವಿರಲಿ. 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ಅಂಥ ಪೇಯಗಳ ಹೆಸರಿನಲ್ಲಿ ಈ ಪದ ಬಳಸುವಂತಿಲ್ಲ ಎಂದಿದೆ. ಅತಿ ಸಕ್ಕರೆ ಭೇದಿಯನ್ನು ಹೆಚ್ಚಿಸುತ್ತದೆ. ಹೃದಯ ದುರ್ಬಲವಿರುವವರು, ಮೊದಲೇ ಕಿಡ್ನಿ ಕಾಯಿಲೆ ಇರುವವರು ಎಷ್ಟು ಕುಡಿಯಬೇಕು ಎಂದು ಡಾಕ್ಟರನ್ನು ಕೇಳಿಯೇ ಕುಡಿಯಬೇಕು. ಅಂಥವರಿಗೆ ಪೊಟ್ಯಾಶಿಯಂ ಹೆಚ್ಚಿರುವ ಎಳನೀರು ಕೂಡ ಅಪಾಯವಾಗಬಹುದು.

ಮನೆಯಲ್ಲಿ ಪುಟ್ಟ ಮಗು ಇದ್ದರೆ

2022ರಲ್ಲಿ ಆಫ್ರಿಕಾದ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳು, 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಭಾಗದಲ್ಲಿ 20ಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. ಎರಡೂ ಕಡೆ ಕಿಡ್ನಿ ಸೋತಿತ್ತು. ಎರಡೂ ಕಡೆ ಬೆರಳು ತೋರಿದ್ದು ಭಾರತದಲ್ಲಿ ತಯಾರಾದ ಸಿರಪ್‌ಗಳತ್ತ. ಅವುಗಳಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ಕೈಗಾರಿಕಾ ವಿಷ ಪತ್ತೆಯಾಗಿತ್ತು. ಮಕ್ಕಳಿಗೆ ಇದ್ದದ್ದು ಸಾಮಾನ್ಯ ಕೆಮ್ಮು, ಜ್ವರ. ನಂತರ ಮೂತ್ರ ನಿಂತಿತು.

ಛಿಂದ್ವಾಡಾ ಘಟನೆಯ ನಂತರ ಕೇಂದ್ರ ಆರೋಗ್ಯ ಇಲಾಖೆ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಔಷಧ ಕೊಡಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಸೂಚಿಸಿದೆ. ಮಗು ಆರೇಳು ಗಂಟೆ ಡಯಾಪರ್ ಒದ್ದೆ ಮಾಡದಿದ್ದರೆ "ನಿದ್ದೆ ಮಾಡ್ತಿದೆ, ಮಾಡ್ಲಿ" ಅಂತ ಬಿಡಬೇಡಿ.

ಫೋನಿನಲ್ಲಿ ಸೇವ್ ಮಾಡಿಕೊಳ್ಳಿ

ಊರಲ್ಲಿ ಯಾರಿಗಾದರೂ ಹುಷಾರಿಲ್ಲ ಅಂದಾಗ ಕೇಳಿ:
– ಬೆಳಗ್ಗೆಯಿಂದ ಎಷ್ಟು ಸಲ ಮೂತ್ರ? ಯಾವ ಬಣ್ಣ?
– ಏನು ಕುಡಿದಿದಾರೆ? ಒಳಗೆ ನಿಲ್ಲುತ್ತಿದೆಯಾ?
– ಯಾವ ಯಾವ ಮಾತ್ರೆ ತಗೊಂಡಿದಾರೆ? ನೋವಿನ ಮಾತ್ರೆ ಇದೆಯಾ?
– ಎದ್ದು ನಿಂತರೆ ತಲೆ ಸುತ್ತುತ್ತಾ? ಮಾತು ಸರಿಯಾಗಿದೆಯಾ?

ಕಾಯದೆ ಆಸ್ಪತ್ರೆಗೆ ಹೊರಡಬೇಕಾದದ್ದು:
– ಎಂಟು-ಹತ್ತು ಗಂಟೆ ಮೂತ್ರವೇ ಇಲ್ಲ, ಅಥವಾ ಕಿಬ್ಬೊಟ್ಟೆ ಉಬ್ಬಿ ಮೂತ್ರ ಕಟ್ಟಿದೆ
– ಮೂತ್ರ ಕೆಂಪು ಅಥವಾ ಕೋಲಾ ಬಣ್ಣ
– ಕುಡಿದದ್ದೆಲ್ಲ ವಾಂತಿ
– ಉಸಿರಾಟಕ್ಕೆ ಕಷ್ಟ, ಮುಖ-ಕಾಲು ಊತ
– ಗೊಂದಲದ ಮಾತು, ಎಬ್ಬಿಸಿದರೂ ಏಳದಂಥ ಮಂಪರು
– ಹಾವು ಕಡಿತ, ಹೆಜ್ಜೇನು ದಾಳಿ (ಮೂತ್ರದ ಲೆಕ್ಕಕ್ಕೆ ಕಾಯಲೇಬೇಡಿ)

60 ದಾಟಿದವರು, ಸಕ್ಕರೆ ಕಾಯಿಲೆ, ಬಿಪಿ, ಹೃದ್ರೋಗ, ಹಳೆಯ ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು ಇದಕ್ಕಿಂತ ಮೊದಲೇ ಡಾಕ್ಟರನ್ನು ಕಾಣಬೇಕು.

ಓದುಗರು ಕೇಳುವ ಪ್ರಶ್ನೆಗಳು

ದಿನಕ್ಕೆ ನಾಲ್ಕೈದು ಲೀಟರ್ ನೀರು ಕುಡಿದರೆ ಕಿಡ್ನಿ ಸೇಫಾ?
ಆರೋಗ್ಯವಂತರಿಗೆ ಬಾಯಾರಿಕೆಯೇ ಒಳ್ಳೆಯ ಅಳತೆ. ಮೂತ್ರ ತಿಳಿ ಹಳದಿಯಿದ್ದರೆ ಸಾಕು. ಹೃದಯದ ತೊಂದರೆ ಇರುವವರಿಗೆ ಅತಿ ನೀರು ಅಪಾಯ.

ತಲೆನೋವಿಗೆ ಯಾವಾಗಲೋ ಒಂದು ನೋವಿನ ಮಾತ್ರೆ ತಗೋತೀನಿ, ಡೇಂಜರಾ?
ಬೇರೆ ಕಾಯಿಲೆ ಇಲ್ಲದ, ಚೆನ್ನಾಗಿ ಉಂಡು ಕುಡಿಯುತ್ತಿರುವವರಿಗೆ ಅಪರೂಪಕ್ಕೊಂದು ಮಾತ್ರೆಯಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಭೇದಿ, ಜ್ವರ, ಉಪವಾಸದ ದಿನ ಬೇಡ. ಡೆಂಗಿಯ ಅನುಮಾನವಿದ್ದರೆ ರಕ್ತಸ್ರಾವದ ಭಯವೂ ಸೇರಿಕೊಳ್ಳುತ್ತದೆ.

ಸುಸ್ತಾದಾಗ ಒಂದು ಬಾಟಲ್ ಗ್ಲೂಕೋಸ್ ಏರಿಸಿದರೆ ಸಾಕಲ್ವಾ?
ಕುಡಿಯಲು ಆಗುವವರಿಗೆ ಓಆರ್‌ಎಸ್ ಆ ಕೆಲಸ ಮಾಡುತ್ತದೆ. ಆಗದವರಿಗೆ ಡ್ರಿಪ್ ಬೇಕೇ ಬೇಕು. ಆದರೆ ಮೂತ್ರ ನಿಂತವರಿಗೆ ಲೆಕ್ಕವಿಲ್ಲದೆ ಬಾಟಲಿ ಏರಿಸಿದರೆ ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಎಷ್ಟು ಹೋಯಿತು, ಎಷ್ಟು ಮೂತ್ರ ಬಂತು ಎಂದು ಬರೆದಿಡುವ ಕಡೆ ಹಾಕಿಸಿ.

ಡಯಾಲಿಸಿಸ್ ಒಂದು ಸಲ ಶುರುವಾದರೆ ಜೀವನಪೂರ್ತಿನಾ?
ಹಠಾತ್ ಹಾನಿಯಲ್ಲಿ ಹಾಗೇನಿಲ್ಲ. ಅನೇಕರಿಗೆ ಕೆಲವು ದಿನ ಅಥವಾ ವಾರ, ಕಿಡ್ನಿ ಚೇತರಿಸಿಕೊಳ್ಳುವ ತನಕ ಅದರ ಕೆಲಸ ನಡೆಸಲು ಮಾಡುತ್ತಾರೆ. ಚೇತರಿಸಿಕೊಂಡ ಮೇಲೆ ನಿಲ್ಲಿಸುತ್ತಾರೆ. ಆ ಹೆದರಿಕೆಯಿಂದ ಬೇಡ ಎನ್ನುವುದರಿಂದಲೇ ಕೆಲವು ಜೀವ ಹೋಗುತ್ತವೆ.

ಮನೆಗೆ ಬಂದ ಮೇಲೆ

ಮೂತ್ರ ಮತ್ತೆ ಸರಿಯಾಗಿ ಬಂತು, ಡಿಸ್ಚಾರ್ಜ್ ಆಯಿತು. ಅಲ್ಲಿಗೆ ಎಲ್ಲರೂ ಇದನ್ನು ಮರೆಯುತ್ತಾರೆ. ಒಮ್ಮೆ ಎಕೆಐ ಆದವರಿಗೆ ಮತ್ತೆ ಆಗುವ ಅಪಾಯ ಹೆಚ್ಚು. ಮೂರು ತಿಂಗಳಿಗೆ ಕ್ರಿಯಾಟಿನಿನ್ ಮತ್ತು ಮೂತ್ರದ ಪ್ರೋಟೀನ್ ಪರೀಕ್ಷೆ ಮಾಡಿಸಬೇಕು. ಹಲ್ಲುನೋವಿಗೆ ಹೋದರೂ, ಮಂಡಿನೋವಿಗೆ ಹೋದರೂ, "ಕಿಡ್ನಿಗೆ ಒಂದು ಸಲ ತೊಂದರೆ ಆಗಿತ್ತು" ಎಂದು ಮೊದಲು ಹೇಳಬೇಕು. ಆಸ್ಪತ್ರೆಯಲ್ಲಿ ನಿಲ್ಲಿಸಿದ ಬಿಪಿ, ಸಕ್ಕರೆ ಮಾತ್ರೆಗಳನ್ನು ಮತ್ತೆ ಯಾವಾಗ, ಎಷ್ಟು ಶುರು ಮಾಡಬೇಕು ಎಂಬುದು ಡಿಸ್ಚಾರ್ಜ್ ಕಾಗದದಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ, ಆಸ್ಪತ್ರೆಯ ಬಾಗಿಲು ದಾಟುವ ಮೊದಲೇ ಕೇಳಿ ಬರೆಸಿಕೊಳ್ಳಿ.